ಅಧ್ಯಕ್ಷರ ಕೆನ್ನೆಯ ಕಪ್ಪು

ಮನುಷ್ಯನಿಗೆ ಒಂದಾದರೂ ಸಣ್ಣ ಹುಚ್ಚು ಇರಬೇಕು, ಇಲ್ಲದಿದ್ದರೆ ದೊಡ್ಡದೇ ಹಿಡಿಯುತ್ತದೆ ಎಂಬುದು ನನ್ನ ನಂಬಿಕೆ. ನನ್ನದು ಅಮೆರಿಕದ ಹಳೆಯ ಅಧ್ಯಕ್ಷರ ಹುಚ್ಚು. ಅವರ ಮುಖ ಅಚ್ಚೊತ್ತಿದ ಬೆಳ್ಳಿ ಪದಕಗಳನ್ನು ಕೂಡಿಡುತ್ತೇನೆ. ಈ ಕೊಲ್ಲಿ ದೇಶದಲ್ಲಿ, ಮಂಗಫಿನ ನಮ್ಮ ಫ್ಲ್ಯಾಟಿನಲ್ಲಿ ನಮಗೇ ಕಾಲು ಚಾಚಲು ಜಾಗವಿಲ್ಲ, ಅಧ್ಯಕ್ಷರು ಮಾತ್ರ ಮಖಮಲ್ಲಿನ ಮೇಲೆ ಆರಾಮಾಗಿ ಮಲಗಿದ್ದಾರೆ. ನಮ್ಮೂರ ಪಂಚಾಯತ್ ಅಧ್ಯಕ್ಷರು ಯಾರೆಂದು ಕೇಳಬೇಡಿ, ನನಗೆ ಗೊತ್ತಿಲ್ಲ.

ಹುಚ್ಚು ಹತ್ತಿಸಿದವನು ನಮ್ಮ ಆಫೀಸಿನ ವಿನ್ಸೆಂಟ್, ಉಡುಪಿ ಕಡೆಯ ಕೊಂಕಣಿ ಮನುಷ್ಯ. ಇಲ್ಲಿ ವಾರದ ರಜೆ ಶುಕ್ರವಾರ; ಅವತ್ತು ಇಗರ್ಜಿಯಲ್ಲಿ ಅವನ ಪೂಜೆ ಮುಗಿದದ್ದೇ ಇಬ್ಬರೂ ಹಳೆ ಸಾಮಾನಿನ ಸಂತೆಗೆ ಓಡುತ್ತಿದ್ದೆವು. ಪದಕವನ್ನು ಅಂಚಿನಲ್ಲಿ ಹಿಡಿಯಬೇಕು, ಮುಖ ಮುಟ್ಟಬಾರದು, ಕಪ್ಪಾದರೆ ತಿಕ್ಕಬಾರದು. ಇದು ಪದಕ ಕೂಡಿಡುವ ನಮ್ಮವರ ಶಾಸ್ತ್ರ. ವಿನ್ಸೆಂಟನಿಗೋ ಮಾತಾಡುತ್ತ ತನ್ನ ಮೆಚ್ಚಿನ ಪದಕದ ಮೇಲಿನ ಗಡ್ಡದ ಅಧ್ಯಕ್ಷರ ಕೆನ್ನೆ ಸವರುವ ಚಟ. "ಅಂಚು ಹಿಡಿ ಮಾರಾಯ, ಅಂಚು!" ಎಂದು ನಾನು ಬೊಬ್ಬೆ ಹೊಡೆದರೆ, "ಪಾಪ ಶೆಟ್ರೆ, ಇವರಿಗೂ ಇಲ್ಲಿ ಯಾರಿದ್ದಾರೆ?" ಎನ್ನುತ್ತಿದ್ದ. ಅವನ ಹೆಬ್ಬೆರಳ ಗುರುತು ಗೆರೆಗಳ ಸಮೇತ ಆ ಕೆನ್ನೆಯ ಮೇಲೆ ಕಪ್ಪಾಗಿ ಕೂತುಬಿಟ್ಟಿತ್ತು.

ಕಳೆದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವನು ಹಿಂದೆ ಬರಲಿಲ್ಲ. ಪೆಟ್ಟಿಗೆಯ ಜೊತೆ ಊರಿಗೆ ಹೊರಟ ಅವನ ಹೆಂಡತಿ ಆ ಪದಕವನ್ನು ನನ್ನ ಕೈಯಲ್ಲಿಟ್ಟು, "ಇದು ನಿಮ್ಮಲ್ಲೇ ಇರ್ಲಿ" ಎಂದರು. ಅವನ ಸಮಾಧಿ ಊರಲ್ಲಿ. ನನಗಿಲ್ಲಿ ಆ ಬೆರಳ ಗುರುತೊಂದೇ. ಬೇಸರವಾದಾಗೆಲ್ಲ ಡಬ್ಬಿ ತೆರೆದು ನೋಡುತ್ತಿದ್ದೆ.

ದೀಪಾವಳಿಯ ಹಿಂದಿನ ದಿನ ಡ್ಯೂಟಿ ಮುಗಿಸಿ ಬರುತ್ತೇನೆ, ದೇವರ ಮುಂದೆ ಕಾಲುದೀಪದ ಪಕ್ಕ ಗಡ್ಡದ ಅಧ್ಯಕ್ಷರು ಫಳಫಳ ಹೊಳೆಯುತ್ತಿದ್ದಾರೆ! ಹಣೆಗೆ ಕುಂಕುಮ ಬೇರೆ.

"ಹಬ್ಬಕ್ಕೆ ಮನೆಯ ಬೆಳ್ಳಿ ಕಪ್ಪಗಿದ್ರೆ ಲಕ್ಷ್ಮಿ ಬರ್ತಾಳಾ?" ಎಂದಳು ನನ್ನ ಹೆಂಡತಿ ಸುಮತಿ. "ಹುಣಸೆಹುಳಿ ಹಾಕಿ ತಿಕ್ಕಿದೆ. ಕೆನ್ನೆಯಲ್ಲೊಂದು ಕಲೆ ಇತ್ತು ನೋಡಿ, ಹೋಗ್ಲಿಕ್ಕೇ ಕೇಳ್ಲಿಲ್ಲ. ಮತ್ತೆ ವಿಭೂತಿ ಹಾಕಿದೆ. ಖಲಾಸ್!"

ಬೈಯಲು ಬಾಯಿ ತೆರೆದರೆ ಅಳು ಬಂತು. "ಅಯ್ಯೋ, ಅಷ್ಟು ಬೆಲೆಯದ್ದಾ?" ಎಂದು ಅವಳು ಗಾಬರಿಯಾದಳು. "ಅದು ವಿನ್ಸೆಂಟನ ಬೆರಳು" ಎಂದೆ. "ಅಣ್ಣನದ್ದಾ?" ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಬ್ಬಕ್ಕೆಂದು ನೆನೆಸಿಟ್ಟ ಅಕ್ಕಿಯನ್ನು ಆ ದಿನ ಯಾರೂ ರುಬ್ಬಲಿಲ್ಲ.

ಈಗ ಶುಕ್ರವಾರ ಸಂತೆಗೆ ಹೋಗುವುದಿಲ್ಲ. ಅಧ್ಯಕ್ಷರ ಕೆನ್ನೆಯನ್ನು ನಾನೇ ಸವರುತ್ತ ಕೂರುತ್ತೇನೆ. ಮೆಲ್ಲಗೆ ಕಪ್ಪು ಹತ್ತುತ್ತಿದೆ. ಗೆರೆಗಳು ನನ್ನವು, ಅವನವಲ್ಲ. ಅಷ್ಟು ಬುದ್ಧಿ ನನಗೂ ಇದೆ. ಮೊನ್ನೆ ಚಾ ತಂದಿಟ್ಟ ಸುಮತಿ ಮೆತ್ತಗೆ, "ಅಂಚು ಹಿಡಿಬೇಕಲ್ವಾ ಮಾರಾಯ್ರೆ?" ಎಂದಳು.

"ಪಾಪ, ಇವರಿಗೂ ಇಲ್ಲಿ ಯಾರಿದ್ದಾರೆ?" ಎಂದೆ.