ಚಡುಗುಡು ಆಡಿದ ಸಲ್ಫಾ ಮಾತ್ರೆ

ಆಸ್ಪತ್ರೆಯಲ್ಲಿ ನಗು ಎಲ್ಲಿಂದ ಬರಬೇಕು ಅಂತ ಕೇಳುತ್ತಾರೆ. ಬರುತ್ತೆ, ಹೇಳದೆ ಕೇಳದೆ ಬರುತ್ತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಳವಳ್ಳಿಯಲ್ಲಿ ನಾನು ನರ್ಸಾಗಿದ್ದಾಗ ಕಂಡದ್ದು ಇದು.

೧. ಸೆರಗು ಸಿಕ್ಕಿಸಿದ ಡಾಕ್ಟರಮ್ಮ

ಸಲ್ಫಾ ಮಾತ್ರೆ ಆಗ ಹೊಸದು. ಇನ್ನು ಆಸೆಯಿಲ್ಲ ಅಂದ ನ್ಯುಮೋನಿಯಾದವರೂ ಎದ್ದು ಕೂತು ಗಂಜಿ ಕೇಳುತ್ತಿದ್ದರು. ನಾನು ಆ ಮಾತ್ರೆಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಆದರೆ ಜ್ವರ ಬಿಟ್ಟ ಕೂಡಲೇ ಜನ ಮಿಕ್ಕ ಮಾತ್ರೆ ಎತ್ತಿಡುತ್ತಿದ್ದರು. ಉಳಿಸಿದರೆ ಒಳ್ಳೇದೇ ಅಲ್ಲವೇ ಅಂತ ನಮ್ಮ ಕಾಂಪೌಂಡರೂ ತಲೆಯಾಡಿಸುತ್ತಿದ್ದರು.

ಒಂದು ಸಂಜೆ ಡಾಕ್ಟರಮ್ಮ ನಮ್ಮನ್ನೆಲ್ಲ ಹಿತ್ತಲಿಗೆ ಕರೆದು ನೆಲಕ್ಕೆ ಗೆರೆ ಎಳೆದರು. ನೀವೆಲ್ಲ ರೋಗದ ಕ್ರಿಮಿಗಳು, ನಾನು ಮಾತ್ರೆ ಅಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಬಡ್ಡಿಯವರ ಹಾಗೆ 'ಚಡುಗುಡು ಚಡುಗುಡು' ಅನ್ನುತ್ತಾ ನುಗ್ಗಿದರು. ಐವತ್ತು ದಾಟಿದ ಹೆಂಗಸು! ನಾವು ಕೆಲವರು ಬಾಯಿಬಿಟ್ಟು ನೋಡುತ್ತಾ ನಿಂತಲ್ಲೇ ಔಟಾದೆವು.

೨. ಕಾಂಪೌಂಡರ ಪ್ರತಾಪ

ಅರ್ಧ ಜನ ಔಟಾದ ಮೇಲೆ ಡಾಕ್ಟರಮ್ಮ ಬೇಕೆಂದೇ ಆಟ ನಿಲ್ಲಿಸಿದರು. ಉಳಿದವರಲ್ಲಿ ಗಟ್ಟಿಗರು ಕಾಂಪೌಂಡರು. ಔಟಾದವರ ಜಾಗಕ್ಕೆ ನಿಮ್ಮಂಥವರನ್ನೇ ಕೂಡಿಸಿಕೊಳ್ಳಿ ಅಂತ ಡಾಕ್ಟರಮ್ಮ ಅಂದಾಗ ಅವರು ಗಟ್ಟಿಗರನ್ನೇ ಆರಿಸಿ, ಡಾಕ್ಟರಮ್ಮನ ಪಟ್ಟುಗಳನ್ನೆಲ್ಲ ಹೇಳಿಕೊಟ್ಟರು. ಈ ಸಲ ಡಾಕ್ಟರಮ್ಮ ನುಗ್ಗಿದರೆ, ಹಿಡಿಯುವ ಧೈರ್ಯವಿಲ್ಲದೆ ಎಲ್ಲರೂ ಕೈಗೆ ಸಿಗದಷ್ಟು ದೂರದಲ್ಲಿ ಸುತ್ತ ಕೋಟೆ ಕಟ್ಟಿ ನಿಂತರು. ಪಾಪ, ಗೆರೆಗೆ ವಾಪಸಾಗುವ ಮೊದಲೇ ಉಸಿರು ಮುರಿದು ಡಾಕ್ಟರಮ್ಮ ಔಟಾದರು. ಏದುಸಿರಿನಲ್ಲೇ ಅಂದರು:

"ನೋಡಿದಿರಾ? ಅರ್ಧಕ್ಕೆ ಬಿಟ್ಟರೆ ಉಳಿಯೋದು ಗಟ್ಟಿ ಕ್ರಿಮಿ. ಅದರ ಸಂತಾನಕ್ಕೆ ಇದೇ ಮಾತ್ರೆ ನಾಟೋದಿಲ್ಲ."

ಅಂದಿನಿಂದ ನಾನು ಮಾತ್ರೆ ಕೊಡುವಾಗ ಒಂದೂ ಉಳಿಸಬೇಡಿ ಅನ್ನತೊಡಗಿದೆ. ಕಾಂಪೌಂಡರು ಮಾತ್ರ ಮನೆಗೆ ಹೋಗಿ ಹೆಂಡತಿಗೆ, ಇವತ್ತು ಸಲ್ಫಾವನ್ನೇ ಸೋಲಿಸಿದೆ ಅಂದರಂತೆ.

೩. ಹಲಗೂರಿನ ಅಜ್ಜಿ

ಹಲಗೂರಿನ ಅಜ್ಜಿಯೊಬ್ಬಳಿಗೆ ನ್ಯುಮೋನಿಯಾ. ಜ್ವರ ಇಳಿದದ್ದೇ ತಡ, ಬಸುರಿ ಸೊಸೆಗೆ ಬೇಕಾದೀತು ಅಂತ ಮಿಕ್ಕ ಮಾತ್ರೆಗಳನ್ನು ಸೆರಗಿಗೆ ಗಂಟು ಹಾಕಿದಳು. ಎದೆಯಲ್ಲಿ ಇನ್ನೂ ಗೊರಗೊರ. ರೋಗ ಮರುಕಳಿಸಿದರೆ ಅಜ್ಜಿ ಉಳಿಯುವುದಿಲ್ಲ ಅಂತ ನನಗೆ ಭಯ. ಅವಳ ಮನೆಗೇ ಹೋಗಿ ಗದರಿದೆ, ಬೇಡಿಕೊಂಡೆ, ಜಗ್ಗಲಿಲ್ಲ.

ಕೊನೆಗೆ ಅವಳ ಅಂಗಳದಲ್ಲೇ ಗೆರೆ ಎಳೆದೆ. ಕೇರಿಯ ಹೆಂಗಸರನ್ನು ಕ್ರಿಮಿ ಮಾಡಿ, ನಾನು ಮಾತ್ರೆಯಾಗಿ ನುಗ್ಗಿ, ಅರ್ಧ ಜನರನ್ನು ಮುಟ್ಟಿ ಸುಮ್ಮನೆ ಕೂತೆ. ಜಗಲಿಯ ಮೇಲೆ ಒರಗಿದ್ದ ಅಜ್ಜಿಗೆ ತಡೆಯಲಾಗಲಿಲ್ಲ.

"ಯಾಕಮ್ಮಿ ಕುಂತ್ಕಂಡೆ? ಉಳ್ದೋರ್ನ ಯಾರು ಒಡೀತಾರೆ?"

"ನಿನ್ನ ಸೆರಗಲ್ಲಿರೋ ಮಾತ್ರೆ ಕಣಜ್ಜಿ."

ಅಜ್ಜಿ ಸೆರಗು ಮುಂದಕ್ಕೆ ಎಳೆದುಕೊಂಡಳು. ಗಂಟು ಬಿಚ್ಚಿದಳು. ಹೇಳಿದಷ್ಟು ದಿನವೂ ತಪ್ಪದೆ ನುಂಗಿದಳು, ಬದುಕಿದಳು. ಆಮೇಲೆ ಪೆಟ್ರೋಲಿಲ್ಲದ ಆ ಕಾಲದ ಇದ್ದಲಿನ ಬಸ್ಸು ಹತ್ತಿ ನೇರ ಡಾಕ್ಟರಮ್ಮನ ಮುಂದೆ ಬಂದು ನಿಂತಳು.

"ಒಳಗೆ ಒಬ್ನೂ ಉಳ್ದಿಲ್ಲ ಕಣವ್ವ. ಗೆದ್ದೋರ್ಗೆ ಕಾಯಿ ಎಲ್ಲಿ?"

ಚಡುಗುಡು ಗೆದ್ದವರಿಗೆ ತೆಂಗಿನಕಾಯಿ ಕೊಡುವುದು ಅವರೂರಿನ ವಾಡಿಕೆ. ಡಾಕ್ಟರಮ್ಮ ನಗುತ್ತಾ ಕಾಯಿ ತರಿಸಿಕೊಟ್ಟರು.

ಮುಂದಿನ ವಾರ ಅಜ್ಜಿಯ ಕೇರಿಗೆ ಕೇರಿಯೇ ಆಸ್ಪತ್ರೆ ಮುಂದೆ ಸಾಲು ನಿಂತಿತ್ತು. ಮಾತ್ರೆ ಕೊಡಿ, ಒಂದೂ ಉಳಿಸದೆ ನುಂಗಿ ಕಾಯಿಗೆ ಬತ್ತೀವಿ ಅನ್ನುತ್ತಿದ್ದರು. ಒಬ್ಬರಿಗೂ ಜ್ವರವಿರಲಿಲ್ಲ.

ಡಾಕ್ಟರಮ್ಮ ಸಾಲಿನ ಮುಂದಕ್ಕೆ ಬಂದರು. ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ ನನಗೆ ಹೇಳಿದರು:

"ಗೆರೆ ಎಳಿಯಮ್ಮ."