ನೀಲಿ ಫೈಲಿನೊಳಗೆ ಬಂಗುಡೆ ಫ್ರೈ

ಒಪ್ಪಂದಕ್ಕೆ ಸಹಿ ಹಾಕುವ ಜಾಗದಲ್ಲಿ ತಮಾಷೆಯನ್ನು ಹುಡುಕಬೇಕಾಗಿಲ್ಲ. ಅದೇ ಬಂದು ಕುರ್ಚಿ ಎಳೆದುಕೊಂಡು ಕೂತುಕೊಳ್ಳುತ್ತದೆ. ನಾನು ನಮ್ಮ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವ. ಜೊತೆಗೆ ‘ಅಂತಾರಾಷ್ಟ್ರೀಯ ಮತ್ತು ಉದ್ಯಮ ಸಂಬಂಧಗಳ ಸಂಯೋಜಕ’. ಹುದ್ದೆಯ ಹೆಸರು ಬಾಗಿಲಿನ ಫಲಕದಲ್ಲಿ ಎರಡು ಸಾಲು ಹಿಡಿದಿದೆ. ಕೆಲಸ ಅರ್ಧ ಸಾಲಿನದು: ಒಪ್ಪಂದಗಳ ಸಂಖ್ಯೆ ಹೆಚ್ಚಿಸುವುದು. ಮಣಿಪಾಲ, ನಿಟ್ಟೆಯಂಥ ದೊಡ್ಡ ಹೆಸರುಗಳ ನಡುವೆ ನಮ್ಮದು ಸಣ್ಣ ಕಾಲೇಜು. ಬಸ್ಸಿನ ಕಂಡಕ್ಟರ್ ಕೂಡ ನಮ್ಮ ಸ್ಟಾಪನ್ನು ಪಕ್ಕದ ಪೆಟ್ರೋಲ್ ಬಂಕಿನ ಹೆಸರಿನಿಂದ ಕರೆಯುತ್ತಾನೆ.

ಇವನ್ನೆಲ್ಲ ನಕ್ಕು ಮರೆಯಬಹುದಿತ್ತು. ಆದರೆ ಈ ವರ್ಷ ನಮ್ಮ ತಮಾಷೆಯ ನಡುವೆ ಅಲೆವೂರಿನ ಒಬ್ಬ ವಿದ್ಯಾರ್ಥಿನಿಯ ನಾಲ್ಕು ತಿಂಗಳು ಸಿಕ್ಕಿಹಾಕಿಕೊಂಡಿತು. ಕೊನೆಯ ವರ್ಷದವಳು. ಕಟಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಆ ನಾಲ್ಕು ತಿಂಗಳ ತರಬೇತಿ ಮುಗಿಸಿದ್ದಳು. ಒಪ್ಪಂದ ಇರುವ ಸಂಸ್ಥೆಯಲ್ಲಿ ಮಾಡಿದ ತರಬೇತಿಗೆ ಮಾತ್ರ ಅಂಕ ಎಂದು ಕಾಲೇಜು ಹೊಸ ನಿಯಮ ತಂದದ್ದು ಆಮೇಲೆ. ವರ್ಕ್‌ಶಾಪ್ ಪಟ್ಟಿಗೆ ಸೇರಿದರೆ ಅವಳು ಪಾಸು. ಇಲ್ಲದಿದ್ದರೆ ಇನ್ನೊಂದು ಸೆಮಿಸ್ಟರ್, ಕೈಗೆ ಬಂದ ಕೆಲಸವೂ ಹೋಯಿತು.

೧. ನೀಲಿ ಫೈಲು

ನಮ್ಮಲ್ಲಿ ಒಪ್ಪಂದಕ್ಕೆ ಒಂದು ನೀಲಿ ಫೈಲು ಉಂಟು. ಮೇಲೆ ಬಂಗಾರದ ಬಣ್ಣದ ಲಾಂಛನ. ಅದನ್ನು ತೆರೆಯುವುದು ಫೋಟೋಕ್ಕೆ, ಮುಚ್ಚುವುದೂ ಫೋಟೋಕ್ಕೆ. ನಡುವೆ ಯಾರೂ ಓದುವುದಿಲ್ಲ. ಓದಿದರೆ ಫೋಟೋದಲ್ಲಿ ತಲೆ ಬಗ್ಗಿದ ಹಾಗೆ ಬರುತ್ತದೆ.

ಎರಡು ವರ್ಷದ ಹಿಂದೆ ಯುರೋಪಿನ ಒಂದು ತಾಂತ್ರಿಕ ವಿಶ್ವವಿದ್ಯಾಲಯದಿಂದ ಒಬ್ಬರು ಬಂದಿದ್ದರು. ಸಂಜೆಯೇ ವಿಮಾನ. ಡೀನ್ ಸಹಿ ಹಾಕಿದರು, ಅವರೂ ಹಾಕಿದರು, ಶಾಲು, ಹಣ್ಣು, ಚಪ್ಪಾಳೆ. ಅತಿಥಿ ತಮ್ಮ ಪ್ರತಿಯೊಂದಿಗೆ ಹೊರಟ ಮೇಲೆ ನಾನು ನಮ್ಮ ಪ್ರತಿ ತೆರೆದೆ. ಒಳಗಿದ್ದದ್ದು ಹಾಸ್ಟೆಲ್ ಮೆಸ್ಸಿನ ವಾರದ ಊಟದ ಪಟ್ಟಿ. ಚಂದದ ಇಂಗ್ಲಿಷಿನಲ್ಲಿ, ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಎರಡು ಪ್ರತಿ. ಆಫೀಸಿನ ಪ್ರಿಂಟರ್ ಒಪ್ಪಂದವನ್ನೂ ಊಟದ ಪಟ್ಟಿಯನ್ನೂ ಒಟ್ಟಿಗೆ ಹೊರಹಾಕಿತ್ತು. ತೆಗೆದವರು ಮೇಲಿನದನ್ನು ಫೈಲಿಗೆ ಹಾಕಿದ್ದರು.

ಡೀನ್ ಹತ್ತಿರ ಓಡಿದೆ.

“ಫೋಟೋ ಸರಿ ಬಂದಿದೆಯಾ?” ಎಂದರು.

“ಬಂದಿದೆ.”

“ಮತ್ತೆ ಎಂತ ಮಾರಾಯ್ರೆ?”

ಆರು ತಿಂಗಳಾದ ಮೇಲೆ ಅಲ್ಲಿಂದ ಪತ್ರ ಬಂತು. ‘ನಮ್ಮ ಸಮಿತಿ ಒಪ್ಪಂದದ ಪ್ರತಿಯೊಂದು ಅಂಶವನ್ನೂ ಕೂಲಂಕಷವಾಗಿ ಪರಿಶೀಲಿಸಿದೆ. ತೃಪ್ತಿಕರವಾಗಿದೆ. ಐದು ವರ್ಷಕ್ಕೆ ವಿಸ್ತರಿಸಲು ಸಂತೋಷಪಡುತ್ತೇವೆ.’

ಆ ದೇಶದ ಯಾವ ವಿದ್ಯಾರ್ಥಿ ಇಲ್ಲಿಗೆ ಬಂದರೂ ಬುಧವಾರ ಬಂಗುಡೆ ಫ್ರೈ ಅವನ ಹಕ್ಕು.

೨. ಜಾಗತಿಕ ಉಪನ್ಯಾಸ

ಒಪ್ಪಂದ ಬರೀ ಕಾಗದದಲ್ಲಿ ಇರಬಾರದೆಂದು ಆನ್‌ಲೈನ್ ಉಪನ್ಯಾಸ ಇಟ್ಟೆವು. ಇನ್ನೂರು ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಕೂರಿಸಿದೆವು. ಪರದೆಯ ಮೇಲೆ ಯುರೋಪಿನವರ ಸಭಾಂಗಣ ಕಾಣಿಸಿತು. ಅಲ್ಲಿಯೂ ವಿದ್ಯಾರ್ಥಿಗಳು, ಕೈಯಲ್ಲಿ ನೋಟ್‌ಬುಕ್ಕು.

ನಾವು ಅವರನ್ನು ನೋಡಿದೆವು. ಅವರು ನಮ್ಮನ್ನು ನೋಡಿದರು. ಹತ್ತು ನಿಮಿಷದ ಮೇಲೆ ಡೀನ್ ಕೈ ಬೀಸಿದರು. ಅಲ್ಲಿ ಒಬ್ಬರು ಕೈ ಬೀಸಿದರು. ಇನ್ನೂರು ಜನ ಕೈ ಬೀಸಿದರು. ಉಪನ್ಯಾಸ ಕೊಡುವುದು ಅವರೆಂದು ನಾವು ತಿಳಿದಿದ್ದೆವು, ನಾವೆಂದು ಅವರು ತಿಳಿದಿದ್ದರು. ಕೇಳಲು ಎರಡೂ ಕಡೆಗೆ ಮರ್ಯಾದೆ ಅಡ್ಡ ಬಂತು. ಮುಕ್ಕಾಲು ಗಂಟೆಯ ಮೇಲೆ ಎರಡೂ ಕಡೆ ಜೋರಾಗಿ ಚಪ್ಪಾಳೆ ತಟ್ಟಿ ಮುಗಿಸಿದೆವು.

ವಿದ್ಯಾರ್ಥಿಗಳ ಅಭಿಪ್ರಾಯ ಪತ್ರ ಸಂಗ್ರಹಿಸಿದೆ. ‘ಉಪನ್ಯಾಸಕರ ಭಾಷೆ ಅರ್ಥವಾಯಿತೇ?’ ಎಂಬಲ್ಲಿ ಹೆಚ್ಚಿನವರು ‘ತುಂಬಾ ಚೆನ್ನಾಗಿ’ ಎಂದು ಗುರುತು ಹಾಕಿದ್ದರು.

೩. ಹತ್ತು ಗಂಟೆಯ ಸಭೆ

ಆಮೇಲೆ ಉದ್ಯೋಗದಾತರ ಸಭೆ. ‘ನಿಮಗೆ ಎಂಥ ಪದವೀಧರರು ಬೇಕು?’ ಎಂದು ಕೇಳುವುದಕ್ಕೆ. ಕಾರ್ಕಳ, ಕಾಪು, ಉಡುಪಿ ಎಲ್ಲ ಕಡೆಗೂ ಆಮಂತ್ರಣ ಹೋಯಿತು. ಬೆಳಿಗ್ಗೆ ಹತ್ತಕ್ಕೆ.

ಹತ್ತಕ್ಕೆ ಬಂದದ್ದು ಒಬ್ಬರೇ, ಆ ಕಟಪಾಡಿಯ ವರ್ಕ್‌ಶಾಪಿನವರು. ಊರಿನ ತುಳುವರು ಕೊಂಕಣಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಪೊರ್ಬುಗಳು ಎನ್ನುತ್ತಾರೆ. ಮನೆ ಕಾಪು. ಹದಿನೇಳು ವರ್ಷ ಕುವೈತಿನಲ್ಲಿ ಯಂತ್ರ ಜೋಡಿಸಿ ಬಂದು, ಈಗ ಗೇರುಬೀಜ ಒಡೆಯುವ ಯಂತ್ರ ತಯಾರಿಸುತ್ತಾರೆ. ವರ್ಷಕ್ಕೆ ನಮ್ಮ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ನಿಜವಾಗಿ ಕೆಲಸ ಕಲಿಸುವವರು ಅವರೊಬ್ಬರೇ. ಉಳಿದ ಕಂಪನಿಗಳು ಟೀ ಶರ್ಟ್ ಕೊಡುತ್ತವೆ.

ಹತ್ತೂವರೆಗೆ ಮೈಕ್ ಬಂತು. ಹನ್ನೊಂದಕ್ಕೆ ದೀಪ ಬಂತು. ಹನ್ನೊಂದೂಕಾಲಿಗೆ ಎಣ್ಣೆ ಬಂತು. ಹನ್ನೊಂದೂವರೆಗೆ ಡೀನ್ ಬಂದು, ‘ಉದ್ಯಮ ನಮ್ಮಿಂದ ಎಂತ ನಿರೀಕ್ಷಿಸುತ್ತದೆ?’ ಎಂದು ಕೇಳಿದಾಗ ಪೊರ್ಬುಗಳ ಕುರ್ಚಿ ಖಾಲಿ. ಅದರ ಮೇಲೆ ಅವರು ತುಂಬಿಸಿದ ಪ್ರಶ್ನಾವಳಿ. ಹದಿನಾಲ್ಕು ಪ್ರಶ್ನೆಗಳಿಗೂ ಸೇರಿಸಿ ಒಂದೇ ಉತ್ತರ ಬರೆದಿದ್ದರು:

‘ಗಡಿಯಾರ ನೋಡಲು ಬರಬೇಕು.’

೪. ಪರಿಶೀಲನಾ ಸಮಿತಿ

ಹೊಸ ನಿಯಮ ಬಂದ ಮೇಲೆ ವರ್ಕ್‌ಶಾಪನ್ನು ಪಟ್ಟಿಗೆ ಸೇರಿಸಲು ಅರ್ಜಿ ಹಾಕಿಸಿದೆ. ಪರಿಶೀಲನೆಗೆ ಡೀನ್ ಮತ್ತು ನಾನು ಕಟಪಾಡಿಗೆ ಹೋದೆವು. ಪೊರ್ಬುಗಳು ಕೈ ಒರೆಸಿಕೊಂಡು ಸ್ಟೂಲು ಕೊಟ್ಟರು. ಅಲೆವೂರಿನ ಹುಡುಗಿ ಅಲ್ಲೇ ಇದ್ದಳು. ತರಬೇತಿ ಮುಗಿದಿದ್ದರೂ ಅರ್ಧ ಜೋಡಿಸಿದ ಯಂತ್ರ ಬಿಟ್ಟು ಹೋಗಲು ಮನಸ್ಸಾಗಲಿಲ್ಲವಂತೆ. ಡೀನ್ ಯಂತ್ರದ ಕಡೆ ನೋಡಲಿಲ್ಲ. ನಮೂನೆ ತೆಗೆದರು.

“ವೆಬ್‌ಸೈಟ್ ಉಂಟಾ?”

“ಎಂತಕ್ಕೆ ಸರ್? ಜಂಕ್ಷನ್ನಿನಲ್ಲಿ ಯಾವ ರಿಕ್ಷಾದವನನ್ನು ಕೇಳಿದರೂ ತಂದು ಬಿಡ್ತಾನೆ.”

“ಎಚ್.ಆರ್. ವಿಭಾಗ?”

“ಹೆಂಡತಿ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಅವಳೇ ಹೇಳುವುದು. ಇವತ್ತಿನವರೆಗೆ ತಪ್ಪಿಲ್ಲ.”

“ಅಂತಾರಾಷ್ಟ್ರೀಯ ಅನುಭವ?”

“ಕುವೈತ್, ಹದಿನೇಳು ವರ್ಷ.”

“ಅದು ದುಡಿದದ್ದು. ಅದು ಲೆಕ್ಕಕ್ಕೆ ಬರುವುದಿಲ್ಲ.”

ಕಾರಿನಲ್ಲಿ ಕೂತ ಮೇಲೆ ಡೀನ್, ಅರ್ಜಿದಾರರಿಗೂ ಒಂದು ಪ್ರತಿ ಹೋಗುವ ಆ ನಮೂನೆಯ ಕೊನೆಯಲ್ಲಿ ಬರೆದರು: ‘ನಮ್ಮ ಲೆವೆಲ್ಲಿಗೆ ಇಲ್ಲ.’

“ಸರ್, ಆ ಹುಡುಗಿ?” ಎಂದೆ.

“ಅವಳು ಒಳ್ಳೆಯ ಕಂಪನಿ ನೋಡಿಕೊಳ್ಳಬೇಕಿತ್ತು. ನಿಯಮ ಅಂದ್ರೆ ನಿಯಮ, ಅಲ್ವಾ?”

ಮೆಸ್ಸಿನ ಪಟ್ಟಿಗೆ ಅಂತಾರಾಷ್ಟ್ರೀಯ ಮಾನ್ಯತೆ ತಂದುಕೊಟ್ಟವರು ಹಾಗೆ ಹೇಳಿದಾಗ ಒಪ್ಪಲೇಬೇಕು. ನಾನು ಒಪ್ಪಲಿಲ್ಲ.

೫. ಬುಧವಾರ

ಅಷ್ಟರಲ್ಲಿ ಯುರೋಪಿನಿಂದ ಇನ್ನೊಂದು ಪತ್ರ ಬಂತು. ಹಳಬರು ನಿವೃತ್ತರಾಗಿ ಆ ಜಾಗಕ್ಕೆ ಒಬ್ಬ ಪ್ರೊಫೆಸರಮ್ಮ ಬಂದಿದ್ದರು. ಅವರು ಬರೆದಿದ್ದರು: ‘ಈಗಿನ ಒಪ್ಪಂದದಲ್ಲಿ ಊಟಕ್ಕೆ ಒಳ್ಳೆಯ ವ್ಯವಸ್ಥೆ ಇದೆ, ತರಬೇತಿಗೆ ಏನೂ ಇಲ್ಲ. ಸ್ಥಳೀಯ ಉದ್ಯೋಗದಾತರೊಬ್ಬರನ್ನು ಸೇರಿಸಿ ಮೂವರ ಒಪ್ಪಂದ ಮಾಡೋಣವೇ?’

ಡೀನ್ ಹೇಳಿದರು, “ಯಾರದ್ದಾದರೂ ಹೆಸರು ಹಾಕಿ.”

ಹಾಕಿದೆ. ನಾಲ್ಕು ಪುಟದ ಕರಡನ್ನು ಡೀನರಿಗೆ ಕಳಿಸಿದೆ. ‘ದಯವಿಟ್ಟು ಓದಿ’ ಎಂದು ಮೂರು ಸಲ ನೆನಪಿಸಿದೆ. ಮೂರನೆಯದಕ್ಕೆ ಉತ್ತರ ಬಂತು: ‘ಗುಡ್. ನೀಲಿ ಫೈಲ್ ಸಾಕು.’

ಪ್ರೊಫೆಸರಮ್ಮ ಬಂದದ್ದು ಬುಧವಾರ. ಕಾರಿನಿಂದ ಇಳಿದವರೇ ಚೀಲದಿಂದ ಹಳೆಯ ಒಪ್ಪಂದ ತೆಗೆದು, ಡೀನರ ಸಹಿಯ ಮೇಲಿದ್ದ ಬುಧವಾರದ ಸಾಲಿಗೆ ಬೆರಳಿಟ್ಟು, “ಇವತ್ತು ಇದು ಅಲ್ಲವೇ?” ಎಂದರು. ಮೆಸ್ಸಿನಲ್ಲಿ ಅಂದು ಸೌತೆಕಾಯಿ ಸಾಂಬಾರು. ಡೀನ್ ಬೆವರು ಒರೆಸಿಕೊಂಡು ಬಂಗುಡೆಗಾಗಿ ಕಾಪುವಿಗೆ ಕಾರು ಕಳಿಸಿದರು. ನಮ್ಮ ಕಾಲೇಜು ಸಹಿ ಹಾಕಿದ ಒಪ್ಪಂದವೊಂದು ಅಕ್ಷರಶಃ ಜಾರಿಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ವೇದಿಕೆಯಲ್ಲಿ ಡೀನ್ ಕ್ಯಾಮರಾ ನೋಡುತ್ತ ಸಹಿ ಹಾಕಿದರು. ಫೈಲನ್ನು ಪ್ರೊಫೆಸರಮ್ಮನ ಕಡೆ ತಳ್ಳಿದರು. ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ನಾಲ್ಕೂ ಪುಟ ಮುಗಿಸಿ ಸಹಿ ಹಾಕಿ, ತಲೆ ಎತ್ತಿ ಕೇಳಿದರು, “ಮೂರನೆಯವರು ಎಲ್ಲಿ?”

“ಯಾವ ಮೂರನೆಯವರು?” ಎಂದರು ಡೀನ್.

ಕೊನೆಯ ಸಾಲಿನಿಂದ ಪೊರ್ಬುಗಳು ಎದ್ದು ಬಂದರು. ಕಾರ್ಯಕ್ರಮ ಹತ್ತಕ್ಕೆ ಎಂದಿದ್ದರಿಂದ ಅವರು ಒಂಬತ್ತೂಮುಕ್ಕಾಲಿಗೇ ಬಂದು ಕೂತಿದ್ದರು. ಡೀನ್ ಮೊದಲ ಸಲ ಫೈಲಿನೊಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಫೋಟೋಗ್ರಾಫರನನ್ನು ನೋಡಿದೆ. ಅವನು ಕ್ಲಿಕ್ಕಿಸಿದ.

ನಾನು ಪೆನ್ನು ಕೊಟ್ಟೆ. ಪೊರ್ಬುಗಳು ತೆಗೆದುಕೊಳ್ಳಲಿಲ್ಲ.

“ನೀವು ನನ್ನ ಶಾಪ್ ಪರಿಶೀಲನೆ ಮಾಡಿದಿರಿ ಸರ್. ನಾನು ನಿಮ್ಮ ಲ್ಯಾಬ್ ನೋಡದೆ ಹೇಗೆ ಸಹಿ ಹಾಕುವುದು?”

“ಇವತ್ತೇ ಎಂತಕ್ಕೆ, ಇನ್ನೊಮ್ಮೆ...” ಎಂದರು ಡೀನ್.

ಪೊರ್ಬುಗಳ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, “ಒಳ್ಳೆಯ ಕ್ರಮ,” ಎಂದು ಪ್ರೊಫೆಸರಮ್ಮ ಎದ್ದೇಬಿಟ್ಟರು.

ಇಡೀ ಸಭೆ ಲ್ಯಾಬಿಗೆ ಹೊರಟಿತು. ನಮ್ಮ ಹೊಸ ಲೇಥ್ ಯಂತ್ರದ ಕುತ್ತಿಗೆಯಲ್ಲಿ ಕಳೆದ ಆಯುಧಪೂಜೆಯ ಹಾರ ಒಣಗಿ ನೇತಾಡುತ್ತಿತ್ತು. ಪೊರ್ಬುಗಳು ಹಾರವನ್ನು ಎತ್ತಿ ನೋಡಿದರು.

“ಪೂಜೆ ಚಂದ ಆಗಿದೆ. ಓಡ್ತದಾ?”

ಗುಂಪಿನಿಂದ ಅಲೆವೂರಿನ ಹುಡುಗಿ ಮುಂದೆ ಬಂದು ಮುಚ್ಚಳ ತೆಗೆದಳು.

“ಬೆಲ್ಟೇ ಇಲ್ಲ ಪೊರ್ಬುಗಳೇ. ಬಂದಾಗಿನಿಂದ ಹಾಕಿಯೇ ಇಲ್ಲ.”

“ಹೇಗೆ ಗೊತ್ತಾಯ್ತು?” ಎಂದರು ಡೀನ್, ಸಿಟ್ಟಿನಿಂದ.

“ಮುಚ್ಚಳದ ಒಳಗೆ ಕಂಪನಿಯ ಸ್ಟಿಕ್ಕರ್ ಹಾಗೇ ಉಂಟು ಸರ್. ‘ಬೆಲ್ಟ್ ಹಾಕುವ ಮೊದಲು ಇದನ್ನು ತೆಗೆಯಿರಿ’ ಅಂತ.”

ಪೊರ್ಬುಗಳು ಅವಳನ್ನು ನೋಡಿ ತಲೆಯಾಡಿಸಿದರು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಫೈಲನ್ನು ಲೇಥಿನ ಮೇಲೆಯೇ ಇಟ್ಟು, ಡೀನರ ಹೆಗಲಿಗೆ ಸಮಾಧಾನದ ಕೈ ಹಾಕಿದರು.

“ಬೇಜಾರು ಮಾಡ್ಬೇಡಿ ಸರ್. ನಿಮ್ಮ ವೆಬ್‌ಸೈಟ್ ತುಂಬಾ ಚಂದ ಉಂಟು. ಆದ್ರೆ ಕಾಲೇಜು ನಮ್ಮ ಲೆವೆಲ್ಲಿಗೆ ಇಲ್ಲ. ಈ ಹುಡುಗಿಯ ಮುಖ ನೋಡಿ ಸಹಿ ಹಾಕ್ತೇನೆ.”