ಇನ್ನೊಂದು ಸೌಟು

ನಮ್ಮ ಚಿಕ್ಕಪ್ಪನಿಗೆ ಒಂದು ವಿಚಿತ್ರ ಕಿವುಡು. ಆಚೆ ಮನೆಯ ಕುಕ್ಕರ್ ಕೂಗಿದ್ದು ಅವನಿಗೆ ಕೇಳಿಸುತ್ತದೆ, ಚಿಕ್ಕಮ್ಮ ಬಾಯೊಳಗೇ ಗೊಣಗಿದ್ದೂ ಕೇಳಿಸುತ್ತದೆ. ಆದರೆ ಕೈಗೆ ಸೌಟು ಬಂತೋ, "ಸಾಕು" ಎಂಬ ಒಂದು ಶಬ್ದ ಮಾತ್ರ ಕೇಳಿಸುವುದಿಲ್ಲ! ನಂದೊಳ್ಳಿಯ ಅವನ ಮನೆಗೆ ಊಟಕ್ಕೆ ಹೋಗುವ ನೆಂಟರು ಹಿಂದಿನ ದಿನವೇ ಹೊಟ್ಟೆ ಖಾಲಿ ಇಟ್ಟುಕೊಳ್ಳುತ್ತಾರೆ. ಅನುಭವಸ್ಥರು ಮರುದಿನಕ್ಕೂ ರಜೆ ಹಾಕಿರುತ್ತಾರೆ.

ಎಲೆಗೆ ಕೈ ಅಡ್ಡ ಹಿಡಿದರೆ ಬಚಾವಾದೆವು ಎಂದುಕೊಂಡಿರಾ? ಬೆರಳ ಸಂದಿಯಲ್ಲಿ ತುಪ್ಪ ಇಳಿಸುವ ವಿದ್ಯೆ ಅವನಿಗೆ ಸಿದ್ಧಿಸಿದೆ. ಎಲೆಯ ಮೇಲೆ ಪೂರ್ತಿ ಬಗ್ಗಿ ಕೂತವರಿಗೆ ಬೇರೆ ಮದ್ದು. "ಅದ್ಯಾರು ಬಂದ ನೋಡಿ!" ಎಂದು ಬಾಗಿಲ ಕಡೆ ಕೈ ತೋರಿಸುತ್ತಾನೆ. ಪಾಪದವರು ತಿರುಗಿ ನೋಡಿ ಈಚೆ ಮುಖ ತರುವಷ್ಟರಲ್ಲಿ ಎಲೆಯಲ್ಲಿ ಎರಡು ಹೋಳಿಗೆ! ಒಮ್ಮೆ ವಿಮೆಯ ಏಜೆಂಟರೊಬ್ಬರು ಪಾಲಿಸಿ ಮಾಡಿಸಲು ಬಂದು ಊಟಕ್ಕೆ ಸಿಕ್ಕಿಬಿದ್ದರು. ಊಟ ಮುಗಿಸಿ ಜಗಲಿಯ ಕಂಬಕ್ಕೆ ಒರಗಿ, "ನಾನು ಇಲ್ಲಿಗೆ ಯಾಕೆ ಬಂದಿದ್ದೆ?" ಎಂದು ಚಿಕ್ಕಮ್ಮನನ್ನೇ ಕೇಳಿದರಂತೆ.

"ನಿಂಗ್ಳಿಗೆ ಎಂತ ಹುಚ್ಚು? ಜನ ಉಂಡು ಸಾಯವನ?" ಎಂದು ಚಿಕ್ಕಮ್ಮ ರೇಗಿದರೆ ಅವನ ಉತ್ತರ ಸಿದ್ಧ. "ಹಸ್ದು ಸತ್ತವ್ರ ಸುದ್ದಿ ಕೇಳಿದ್ದೆ. ಉಂಡು ಸತ್ತವ್ರ ಸುದ್ದಿ ಆನು ಕೇಳಿದ್ನಿಲ್ಲೆ!"

ಇಂಥವನನ್ನು ಶಿರಸಿಯ ಒಂದು ಆರತಕ್ಷತೆಗೆ ಕರೆದುಕೊಂಡು ಹೋದದ್ದು ನನ್ನ ಬುದ್ಧಿಗೇಡಿತನ. ಅಲ್ಲಿ ಬಫೆ. ಜನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತದ್ದು ನೋಡಿ ಅವನ ಮುಖ ಸಣ್ಣದಾಯಿತು. "ಕರ್ದು ತಂದು, ನೀನೇ ಬಡಿಸ್ಕ್ಯ ಹೇಳದಾ?" ಎಂದವನು ನಾನು ಕೈ ಹಿಡಿಯುವುದರೊಳಗೆ ಗೋಬಿ ಮಂಚೂರಿಯ ಪಾತ್ರೆಯನ್ನೇ ಎತ್ತಿಕೊಂಡ! ಕುರ್ಚಿಯಿಂದ ಕುರ್ಚಿಗೆ ಹೋದ. ಗುರುತಿಲ್ಲದವರಿಗೆಲ್ಲ ಬಡಿಸಿದ. ಐಸ್‌ಕ್ರೀಂ ತಿನ್ನುತ್ತಿದ್ದ ಡಾಕ್ಟರರೊಬ್ಬರ ತಟ್ಟೆಗೂ ಬಿತ್ತು ಮಂಚೂರಿ. ಕೊನೆಗೆ ಅಡುಗೆ ಗುತ್ತಿಗೆಯವರು ನನ್ನ ಬಳಿ ಬಂದು ಬಹಳ ವಿನಯದಿಂದ, "ಇವ್ರು ಬರೋದಿದ್ರೆ ಮೊದಲೇ ಹೇಳಿಬಿಡಿ, ಇನ್ನೊಂದು ಪಾತ್ರೆ ಹೆಚ್ಚಿಗೆ ಮಾಡ್ತೇವೆ" ಎಂದರು.

ಹಾಗಾದರೆ ಈ ಮನುಷ್ಯನನ್ನು ಸೋಲಿಸಿದವರು ಯಾರೂ ಇಲ್ಲವೇ? ಇದ್ದಾರೆ! ಚಳಿಗಾಲದಲ್ಲಿ ಯಲ್ಲಾಪುರ ಪೇಟೆಗೆ ಸ್ವೆಟರ್ ಮಾರಲು ಬರುವ ಟಿಬೆಟನ್ ಗೆಳೆಯ. ಅವರ ಹೊಸವರ್ಷದ ಹಬ್ಬಕ್ಕೆ ಮುಂಡಗೋಡಿನ ಕ್ಯಾಂಪಿಗೆ ಚಿಕ್ಕಪ್ಪನನ್ನು ಕರೆದಿದ್ದ. ಜೊತೆಗೆ ನಾನೂ ಹೋಗಿದ್ದೆ. ಬೆಣ್ಣೆ, ಉಪ್ಪು ಹಾಕಿದ ಚಹಾ ಬಂತು. ಕೊಟ್ಟದ್ದನ್ನು ಬಿಡುವುದು ನಮ್ಮಲ್ಲಿ ಮಹಾ ಅವಮರ್ಯಾದೆಯಲ್ಲವೇ? ಚಿಕ್ಕಪ್ಪ ತಳದವರೆಗೆ ಕುಡಿದ. ಗೆಳೆಯ ತುಂಬಿಸಿದ. ಇವನು ಮತ್ತೆ ಕುಡಿದ. ಅವನು ಮತ್ತೆ ತುಂಬಿಸಿದ. ಚಿಕ್ಕಪ್ಪನ ಹಣೆಯಲ್ಲಿ ಬೆವರು! ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿಂದಲೇ "ಸಾಕು ಮಾರಾಯ" ಎಂಬ ಮಾತು ಹೊರಟಿತು. ಗೆಳೆಯ ನಕ್ಕು, "ಕಪ್ ಖಾಲಿ ಇದ್ರೆ ನಮಗೆ ಅವಮಾನ ಸಾರ್. ಸಾಕಾದ್ರೆ ತುಂಬಿದ್ದು ಹಾಗೇ ಬಿಡಬೇಕು" ಎಂದ. ಬಸ್ಸಿನಲ್ಲಿ ಹೊಟ್ಟೆ ಹಿಡಿದು ಕೂತಿದ್ದ ಚಿಕ್ಕಪ್ಪ, ಯಲ್ಲಾಪುರ ಬಂದಾಗ ಹೇಳಿದ. "ಅಂವ ಉಪಚಾರದಲ್ಲಿ ನಂಗಿಂತ ಒಂದು ಕೈ ಮೇಲೆ ಇದ್ದ!" ಅವನ ದನಿಯಲ್ಲಿ ಶಿಷ್ಯನ ಭಕ್ತಿಯಿತ್ತು.

ಕಳೆದ ಬೇಸಿಗೆಯಲ್ಲಿ ನನ್ನ ಮಗಳ ನಿಶ್ಚಿತಾರ್ಥ ಅವನ ಮನೆಯಂಗಳದಲ್ಲೇ ಆಯಿತು. ಹುಡುಗ ಹಾವೇರಿ ಕಡೆಯವನು, ತಾಯಿಯಿಲ್ಲದವನು. ಹುಬ್ಬಳ್ಳಿಯ ಒಂದೇ ಶಾಲೆಯಲ್ಲಿ ಇಬ್ಬರೂ ಪಾಠ ಮಾಡುತ್ತಾರೆ. ಜಾತಿ ಬೇರೆ, ಮಾತು ಬೇರೆ, ಊಟವೂ ಬೇರೆ. ಹುಡುಗನ ತಂದೆ ಫೋನಿನಲ್ಲಿ ಹೂಂ, ಹಾಂ ಬಿಟ್ಟರೆ ಹೆಚ್ಚು ಆಡಿರಲಿಲ್ಲ. ಅವರಿಗೆ ಈ ಸಂಬಂಧ ಒಪ್ಪಿಗೆಯಿಲ್ಲವೇನೋ ಎಂಬ ಅಳುಕು ನನಗೆ. ಅದಕ್ಕೇ ಚಿಕ್ಕಪ್ಪನಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ: ಒತ್ತಾಯ ಕೂಡದು!

ನಮ್ಮ ತಂಬುಳಿ ನೋಡಿ ಬೀಗರು ಹೆದರಬಾರದೆಂದು ಅವನು ಕಿರವತ್ತಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿಸಿ ತಂದಿದ್ದ. ಹುಡುಗನ ತಂದೆ ಒಂದು ರೊಟ್ಟಿ ಮುಗಿಸಿ "ಸಾಕ್ರಿ" ಎಂದರು. ಚಿಕ್ಕಪ್ಪ ಹಲ್ಲು ಕಚ್ಚಿ ಮುಂದೆ ಹೋದ. ಅನ್ನಕ್ಕೂ "ಸಾಕ್ರಿ." ಆಗಲೂ ತಡೆದುಕೊಂಡ. ಹೋಳಿಗೆಯ ಹೊತ್ತಿಗೆ ಕಟ್ಟೆ ಒಡೆಯಿತು.

"ಒಂದೇ ಒಂದು. ನಿಂಗ್ಳ ಹೊಟ್ಟೆ ತುಂಬಿದ್ದಿಲ್ಲೆ. ಮುಖ ನೋಡಿರೇ ಗೊತ್ತಾಗ್ತು!"

ಅವರು ತಲೆಯೆತ್ತಿ ಚಿಕ್ಕಪ್ಪನನ್ನೇ ನೋಡಿದರು. ಆಮೇಲೆ ಅರ್ಧ ಊಟದಲ್ಲಿ ಎದ್ದು ಹೊರಗೆ ಹೋಗಿಬಿಟ್ಟರು. ಚಪ್ಪರದಲ್ಲಿ ಯಾರೂ ತುತ್ತೆತ್ತಲಿಲ್ಲ. "ಮುರದ್ರಲಿ ಸಂಬಂಧವ!" ಎಂದು ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ನಾನು ಓಡಿದೆ. ಹೋಳಿಗೆಯ ತಟ್ಟೆ ಹಿಡಿದೇ ಚಿಕ್ಕಪ್ಪನೂ ಹಿಂದೆ ಬಂದ. ಅವರು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಟವೆಲಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು.

"ತಪ್ಪಾತು ನಂದು" ಎಂದ ಚಿಕ್ಕಪ್ಪ. "ಇನ್ನು ಒತ್ತಾಯ ಮಾಡ್ತ್ನಿಲ್ಲೆ."

"ತಪ್ಪಲ್ರಿ ಹಿರ್ಯಾರ" ಎಂದರು ಅವರು. "ಮನ್ಯಾಗ ಎಲ್ಲಾರೂ ಚೊಲೊ ನೋಡ್ಕೊತಾರ. ಹೊತ್ತಿಗೆ ಸರಿಯಾಗಿ ಊಟ ಇಡ್ತಾರ. ಆದ್ರ ಮಾರಿ ನೋಡಿ, ಹೊಟ್ಟಿ ತುಂಬಿಲ್ಲ ಅನ್ನಾಕ ನಮ್ಮಾಕಿ ಹೋದ ಮ್ಯಾಲ ಯಾರೂ ಇರ್ಲಿಲ್ರಿ."

ಮಾತಿನ ಮಲ್ಲ ನಮ್ಮ ಚಿಕ್ಕಪ್ಪ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಅವರ ಪಕ್ಕದಲ್ಲಿ ಕೂತುಬಿಟ್ಟ.

ಅಷ್ಟರಲ್ಲಿ ಮಗಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಬಂದಳು. ಹುಬ್ಬಳ್ಳಿಯಲ್ಲಿ ಕಲಿತ ಮಾತು, ನಮ್ಮ ಕಡೆಯ ರಾಗದಲ್ಲಿ.

"ಒಳಗ ಬರ್ರಿ ಅಪ್ಪಾರ. ನಂದೂ ಊಟ ಆಗಿಲ್ಲ."

ಅವರು ಮುಖ ತೊಳೆದುಕೊಂಡು ಎದ್ದರು. ಚಪ್ಪರಕ್ಕೆ ಬಂದು, ತಮ್ಮ ಪಕ್ಕದವರನ್ನು ಆಚೆ ಸರಿಸಿ, ನನ್ನ ಮಗಳನ್ನು ಅಲ್ಲಿ ಕೂರಿಸಿಕೊಂಡರು. ಎಡಗೈಯಿಂದ ಬುಟ್ಟಿ ಹತ್ತಿರ ಎಳೆದು ಒಂದು ರೊಟ್ಟಿ ತೆಗೆದು ಅವಳ ಎಲೆಗೆ ಹಾಕಿದರು.

"ತಿನ್ನವಾ" ಎಂದರು, "ತಿನ್ನು ಮಗಳ."